ಲೂವಿಸನ ಎಡಗೈ ಗ್ಲೌಸು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಗ್ಲೌಸು ಇದೆ. ಒಂದೇ ಒಂದು, ಅದೂ ಎಡಗೈಯದ್ದು. ನೀಲಿ ಬಣ್ಣ, ಒಳಗೆ ಉಣ್ಣೆಯ ದಪ್ಪ ಪದರ, ಹೆಬ್ಬೆರಳಿನ ಬುಡದಲ್ಲಿ ಹೊಲಿಗೆ ಬಿಟ್ಟಿದೆ. ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಜಾಗ ಎಷ್ಟು ಕಡಿಮೆಯೆಂದರೆ ಇಸ್ತ್ರಿ ಪೆಟ್ಟಿಗೆ ಕೂಡ ತಾನು ಯಾಕೆ ಇಲ್ಲಿದ್ದೇನೆ ಎಂದು ಉತ್ತರ ಹೇಳಬೇಕು. ಅಂಥದ್ದರಲ್ಲಿ ಈ ಒಂಟಿ ಗ್ಲೌಸು ಸ್ವೆಟರುಗಳ ಮೇಲೆ ಹಾಯಾಗಿ ಮಲಗಿದೆ. ಪ್ರತಿವರ್ಷ ಊರಿಗೆ ಹೊರಡುವ ಮೊದಲು ಕಪಾಟು ಗುಡಿಸುವಾಗ ನನ್ನ ಹೆಂಡತಿ ಪ್ರೇಮಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾಳೆ.

"ಇದನ್ನು ಈ ಸಲವಾದ್ರೂ ಬಿಸಾಡ್ಲಿಕ್ಕೆ ಉಂಟಾ?"

"ಇಲ್ಲ."

"ಒಂದೇ ಕೈಯದ್ದು ಎಂತಕ್ಕೆ ಮಾರಾಯ್ರೆ? ಅದೂ ನಿಮ್ಮದಲ್ಲ."

"ನನ್ನದಲ್ಲ ಅಂತಲೇ ಇಟ್ಟದ್ದು."

ಇಷ್ಟಕ್ಕೆ ಒಳಗಿನಿಂದ ಮಗಳ ಧ್ವನಿ ಬರುತ್ತದೆ. "ಮಮ್ಮಿ, ಲೀವ್ ಇಟ್. ಇಟ್ಸ್ ಪಪ್ಪಾಸ್ ಮ್ಯೂಸಿಯಂ." ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ. ಆದರೆ ಮ್ಯೂಸಿಯಂ ಎಂದದ್ದು ಸರಿಯಾಗಿಯೇ ಇದೆ. ಯಾಕೆಂದು ಹೇಳಬೇಕಾದರೆ ನಾನು ನಿಮ್ಮನ್ನು ಸ್ವಲ್ಪ ಸುತ್ತಿಸಿ, ಉತ್ತರ ಧ್ರುವದ ಹತ್ತಿರ ಹೋಗಿ ಬರಬೇಕಾಗುತ್ತದೆ. ಹೆದರಬೇಡಿ, ದಾರಿಯಲ್ಲಿ ಮಲ್ಪೆ ಸಿಗುತ್ತದೆ.

ನನ್ನ ಅಪ್ಪ ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದರು. ಬೋಟುಗಳು ಕಡಲಿಗೆ ಹೊರಡುವ ಮುಂಚೆ ಮಂಜುಗಡ್ಡೆ ತುಂಬಿಕೊಳ್ಳಲು ಅಲ್ಲಿಗೇ ಬರಬೇಕು. ನಮ್ಮೂರಿನ ಸೆಕೆ ನಿಮಗೆ ಗೊತ್ತಿರಬಹುದು. ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಮತ್ತೆ ಬೆವರು. ಅಂಥ ಊರಿನಲ್ಲಿ ನನ್ನ ಅಪ್ಪ ಮಾತ್ರ ಸಂಜೆ ತಣ್ಣಗಿನ ಕೈ ಹೊತ್ತು ಮನೆಗೆ ಬರುತ್ತಿದ್ದರು. ಅಂಗಿಗೆ ಅಮೋನಿಯಾದ ವಾಸನೆ, ಕೈ ಮಾತ್ರ ಮಡಕೆಯ ನೀರಿನ ಹಾಗೆ ತಂಪು. ಜ್ವರ ಬಂದರೆ ನಮ್ಮ ಮನೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿರಲಿಲ್ಲ, ಅಪ್ಪನನ್ನು ಪಕ್ಕದಲ್ಲಿ ಕೂರಿಸುತ್ತಿದ್ದರು.

ಶಾಲೆ ಇಲ್ಲದ ದಿನ ನಾನು ಪ್ಲಾಂಟಿಗೆ ಹೋಗುತ್ತಿದ್ದೆ. ಅಚ್ಚಿನಿಂದ ಜಾರಿ ಬೀಳುವ ಉದ್ದುದ್ದ ಐಸಿನ ಕಂಬಗಳ ಮೇಲೆ ಬರಿಗಾಲಲ್ಲಿ ನಿಂತು, ಕಾಲು ಮರಗಟ್ಟುವವರೆಗೆ ಇಳಿಯದಿರುವುದು ಅಲ್ಲಿನ ನನ್ನ ಮುಖ್ಯ ಕೆಲಸ. ಈ ಶೌರ್ಯಕ್ಕೆ ಕಾರಣ ಒಂದು ಪುಸ್ತಕ. ಒಣಮೀನು ಕಟ್ಟಿಕೊಡುವ ಅಂಗಡಿಯಲ್ಲಿ ರದ್ದಿ ಕಾಗದದ ರಾಶಿಯಿಂದ ನಾನು ಎತ್ತಿಕೊಂಡು ಬಂದದ್ದು. ರಟ್ಟು ಇರಲಿಲ್ಲ, ಹೆಸರಿನ ಪುಟ ಇರಲಿಲ್ಲ, ಕೊನೆಯ ಪುಟಗಳಲ್ಲಿ ಯಾರೋ ಆಗಲೇ ನಂಗು ಮೀನು ಕಟ್ಟಿಸಿಕೊಂಡು ಹೋಗಿದ್ದರು. ಉಳಿದ ಪುಟಗಳಲ್ಲಿ ನೂರೈವತ್ತು ವರ್ಷಕ್ಕೂ ಹಿಂದಿನ ಹಡಗುಗಳಿದ್ದವು. ಯುರೋಪಿನಿಂದ ಹೊರಟು, ಉತ್ತರದ ಹಿಮದ ನಡುವೆ ಪೂರ್ವದೇಶಗಳಿಗೊಂದು ಅಡ್ಡದಾರಿ ಹುಡುಕುತ್ತ ಹೋದವರು. ಕಡಲು ಹೆಪ್ಪುಗಟ್ಟಿ ಹಡಗನ್ನು ಹಿಡಿದುಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಸೂರ್ಯನೇ ಹುಟ್ಟುತ್ತಿರಲಿಲ್ಲ. ಬೇಸರ ಕಳೆಯಲು ನಾವಿಕರು ಹಡಗಿನ ಮೇಲೆ ನಾಟಕ ಆಡುತ್ತಿದ್ದರು, ಗಡ್ಡದ ಗಂಡಸರು ಲಂಗ ತೊಟ್ಟು ಹೆಣ್ಣು ವೇಷ ಹಾಕುತ್ತಿದ್ದರು.

ನಾನು ಓದಿದ್ದನ್ನೆಲ್ಲ ಅಮ್ಮನಿಗೆ ಹೇಳಬೇಕಿತ್ತು. ಅವಳು ಮೀನು ಕೊಯ್ಯುತ್ತ ಕೇಳುತ್ತಿದ್ದಳು. ಅವಳದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಲ್ಲಿಗೆ ಅವರು ಎಂತ ಸಾಯ್ಲಿಕ್ಕೆ ಹೋದದ್ದಾ?"

"ದಾರಿ ಹುಡುಕ್ಲಿಕ್ಕೆ ಅಮ್ಮ."

"ದಾರಿ ಇಲ್ಲ ಅಂತ ಗೊತ್ತಾದ ಮೇಲೆ ವಾಪಸು ಬರ್ಬೇಕಲ್ಲ."

"ಹಡಗು ಸಿಕ್ಕಿಹಾಕ್ಕೊಂಡಿತು. ವಸಡಲ್ಲೆಲ್ಲ ರಕ್ತ ಬಂತು. ತಾಜಾ ತರಕಾರಿ, ಹಣ್ಣು ಇಲ್ಲದ್ದಕ್ಕೆ ಬರುವ ರೋಗ ಅದು. ಲಿಂಬೆರಸ ಕುಡಿದ್ರೆ ಕಮ್ಮಿ ಆಗ್ತದಂತೆ."

ಅಮ್ಮ ಕತ್ತಿ ಕೆಳಗಿಟ್ಟಳು. "ಅಷ್ಟು ದೊಡ್ಡ ಹಡಗಲ್ಲಿ ಒಂದು ಭರಣಿ ಲಿಂಬೆ ಉಪ್ಪಿನಕಾಯಿ ಕೊಂಡುಹೋಗ್ಲಿಕ್ಕೆ ಯಾರಿಗೂ ಬುದ್ಧಿ ಇರ್ಲಿಲ್ವಾ? ಅವರಿಗೆಲ್ಲ ಹೆಂಡತಿ ಇಲ್ವಾ?"

ಹೆಂಡತಿಯರಿದ್ದರು. ಅದೇ ಆ ಪುಸ್ತಕದ ಅತ್ಯಂತ ಬೇಸರದ ಭಾಗ. ಎರಡು ಹಡಗುಗಳಲ್ಲಿ ನೂರಕ್ಕೂ ಹೆಚ್ಚು ಜನ ಹೋಗಿ ಒಬ್ಬನೂ ವಾಪಸು ಬರದೆ ಇದ್ದಾಗ, ಕಪ್ತಾನನ ಹೆಂಡತಿ ಹುಡುಕುವ ಹಡಗುಗಳನ್ನು ಮತ್ತೆ ಮತ್ತೆ ಕಳಿಸಿದಳು. ಹುಡುಕಲು ಹೋದವರೂ ಹಿಮದಲ್ಲಿ ಕಷ್ಟಪಟ್ಟರು. ಕಳೆದುಹೋದವರಿಗೆ ಸುದ್ದಿ ಮುಟ್ಟಲಿ ಎಂದು ಅವರು ನರಿಗಳನ್ನು ಹಿಡಿದು, ನಮ್ಮ ಹಡಗು ಇಂಥಲ್ಲಿದೆ ಎಂದು ಕೆತ್ತಿದ ಪಟ್ಟಿಯನ್ನು ಕೊರಳಿಗೆ ಕಟ್ಟಿ ಬಿಟ್ಟರಂತೆ. ನರಿಗೆ ಸುದ್ದಿ ಹೇಳಿ ಕಳಿಸಿದ ಜನ ಬೇರೆ ಎಲ್ಲಾದರೂ ಇದ್ದಾರೆಯೇ ನಾನರಿಯೆ. ಹುಡುಕಿದವರಿಗೆ ಜನ ಸಿಗಲಿಲ್ಲ, ವಸ್ತುಗಳು ಸಿಕ್ಕಿದವು. ಒಂದು ದ್ವೀಪದಲ್ಲಿ ಒಂದು ಜೊತೆ ಗ್ಲೌಸು ಸಿಕ್ಕಿತು. ಒಣಗಲು ಹರಡಿ, ಗಾಳಿಗೆ ಹಾರದ ಹಾಗೆ ಅಂಗೈಗಳ ಮೇಲೆ ಸಣ್ಣ ಕಲ್ಲು ಇಟ್ಟಿದ್ದರು. ಈಗ ಬಂದು ಎತ್ತಿಕೊಳ್ಳುತ್ತೇನೆ ಎಂದು ಯಾರೋ ಇಟ್ಟುಹೋದದ್ದು. ಆ ಸಾಲು ಓದಿದ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಅಮ್ಮನಿಗೆ ಹೇಳಿದಾಗ ಅವಳೂ ಏನೂ ತಮಾಷೆ ಮಾಡಲಿಲ್ಲ.

ಆದರೆ ಮಕ್ಕಳ ದುಃಖ ಎಷ್ಟು ಹೊತ್ತು? ಆ ಬೇಸಗೆಯಲ್ಲೇ ಮಾವ ದುಬೈಯಿಂದ ಬಂದರು, ತಂದದ್ದು ಏನು? ಹುಲಿಯ ಚಿತ್ರವಿರುವ, ಇಬ್ಬರು ಹೊರಬೇಕಾದ ಕಂಬಳಿ. ಆ ಕಾಲದಲ್ಲಿ ಗಲ್ಫಿನಿಂದ ಬಂದವರೆಲ್ಲ ಅದನ್ನೇ ತರುತ್ತಿದ್ದರು. ಫ್ಯಾನು ಮೂರರಲ್ಲಿ ತಿರುಗಿದರೂ ಬನಿಯನ್ ಒದ್ದೆಯಾಗುವ ಊರಿಗೆ ಹಿಮಗರಡಿ ಕೂಡ ಸಾಕೆನ್ನುವಂಥ ಕಂಬಳಿ. ಯಾರೂ ಹೊದೆಯುತ್ತಿರಲಿಲ್ಲ, ನೆಂಟರು ಬಂದಾಗ ಮಂಚದ ಮೇಲೆ ಹರಡುತ್ತಿದ್ದರು. ನಾನು ಮಾತ್ರ ಅದನ್ನು ಎರಡು ಕುರ್ಚಿಗಳ ಮೇಲೆ ಎಳೆದು, ಒಳಗೆ ಕೂತು, ಧ್ರುವಯಾತ್ರೆ ಮಾಡುತ್ತಿದ್ದೆ. ಬೆವರಿ ಬೆವರಿ ತಲೆ ತಿರುಗುತ್ತಿತ್ತು. ಹಿಮದಲ್ಲಿ ಸತ್ತವರಿಗಿಂತ ನನ್ನ ಅವಸ್ಥೆ ಏನೂ ಉತ್ತಮ ಇರಲಿಲ್ಲ. ಆ ನಾವಿಕರೂ ಹಡಗು ಬಿಟ್ಟು ಜೀವ ಉಳಿಸಿಕೊಳ್ಳಲು ಹೊರಟಾಗ ಬೆಳ್ಳಿಯ ಚಮಚ, ಮುಳ್ಳುಚಮಚಗಳನ್ನು ಜೊತೆಗೆ ಒಯ್ದಿದ್ದರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವುದು ಅವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ನಮ್ಮ ಮಾವನಿಗೂ ಚೆನ್ನಾಗಿ ಒಪ್ಪುತ್ತದೆ.

ಇಷ್ಟೆಲ್ಲ ಪೂರ್ವಪುಣ್ಯ ಇದ್ದವನು ದೊಡ್ಡವನಾಗಿ ಎಲ್ಲಿಗೆ ಬಂದ ಎಂದರೆ ಮರುಭೂಮಿಗೆ. ಬಂದು ಎಲ್ಲಿ ಕೆಲಸಕ್ಕೆ ಸೇರಿದ ಎಂದರೆ ಜೆಬೆಲ್ ಅಲಿಯ ಒಂದು ಕೋಲ್ಡ್ ಸ್ಟೋರಿಗೆ. ಹಣೆಬರಹ ಬರೆಯುವವನಿಗೂ ಆಗಾಗ ತಮಾಷೆ ಮಾಡುವ ಮನಸ್ಸಾಗುತ್ತದೆ. ಹೊರಗೆ ಜುಲೈ ತಿಂಗಳಲ್ಲಿ ಕಾರಿನ ಹಿಡಿ ಮುಟ್ಟಿದರೆ ಬೆರಳು ಸುಡುತ್ತದೆ, ಒಳಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗೆ. ಕೋಳಿ, ಮೀನು, ಬಟಾಣಿ, ಪರೋಟ ಎಲ್ಲ ಕಲ್ಲಾಗಿ, ಚಾವಣಿ ಮುಟ್ಟುವ ರ‍್ಯಾಕುಗಳಲ್ಲಿ ಕೂತಿರುತ್ತವೆ. ಜನ ಧ್ರುವಪ್ರದೇಶಕ್ಕೆ ನಾಯಿಬಂಡಿಯಲ್ಲಿ ಹೋದರು, ನಾನು ಕಂಪೆನಿ ಬಸ್ಸಿನಲ್ಲಿ ಹೋಗುತ್ತೇನೆ.

ಆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಲೂವಿಸನದು. ಉಳ್ಳಾಲದ ಕಡೆಯ ಕೊಂಕಣಿ ಕ್ರಿಶ್ಚಿಯನ್, ಅಲ್ ನಹ್ದಾದಲ್ಲಿ ನಮ್ಮ ಮನೆಯ ಹಿಂಬದಿಯ ಕಟ್ಟಡದಲ್ಲೇ ಮನೆ, ಸ್ಟೋರಿನಲ್ಲೂ ನನ್ನ ಜೊತೆಗೇ ಕೆಲಸ. ನಾನು ಸ್ಟಾಕು ನೋಡುತ್ತೇನೆ, ಅವನು ಮಾಲು ಕಳಿಸುತ್ತಾನೆ. ಬೆಳಗಿನ ಟ್ರಾಫಿಕ್ಕಿನಲ್ಲಿ ಅವನಿಗೆ ಓಡಿಹೋಗಲು ದಾರಿಯಿಲ್ಲ ಎನ್ನುವುದನ್ನು ಉಪಯೋಗಿಸಿಕೊಂಡು ನಾನು ಅವನಿಗೆ ಧ್ರುವಯಾತ್ರೆಗಳನ್ನೆಲ್ಲ ಹೇಳಿದ್ದೇನೆ. ದೊಡ್ಡವನಾದ ಮೇಲೆ ನಾನು ಇಂಥ ಪುಸ್ತಕಗಳನ್ನು ಹುಡುಕಿ ಹುಡುಕಿ ಓದಿದೆ, ಕೇಳುವವನು ಒಬ್ಬ ಬೇಕಿತ್ತು. ಬಸ್ಸು ಹತ್ತಿದ ಕೂಡಲೇ ಅವನು ಸೀಟು ಹಿಂದಕ್ಕೆ ಮಾಡಿ ಕೇಳುತ್ತಿದ್ದ.

"ನಿನ್ನ ಕಪ್ತಾನ ಸತ್ತನಾ, ಇನ್ನೂ ಉಂಟಾ?"

"ಇವತ್ತು ಬೂಟು ಬೇಯಿಸಿ ತಿಂತಾರೆ."

"ಮಸಾಲೆ ಎಂತ ಹಾಕಿದ್ರು?"

ಇಷ್ಟೇ ಅವನ ಆಸಕ್ತಿ. ತಿನ್ನುವ ವಿಷಯ ಬಂದರೆ ಮಾತ್ರ ಕಣ್ಣು ಬಿಡುತ್ತಿದ್ದ. ಲೂವಿಸನಿಗೆ ಸಕ್ಕರೆ ಕಾಯಿಲೆ. ಒಮ್ಮೆ ಬಸ್ ಸ್ಟಾಪಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದ. ಅವತ್ತಿನಿಂದ ಅವನ ಹೆಂಡತಿ ಗ್ರೇಸಿ ಅವನ ಊಟದ ಡಬ್ಬಿಯ ಜೊತೆ ನನ್ನ ಡಬ್ಬಿಯನ್ನೂ ಪರೀಕ್ಷೆ ಮಾಡುತ್ತಾಳೆ, ಅವನು ನನ್ನದರಿಂದ ಕದಿಯುತ್ತಾನೆಂದು. "ಸುಧಾಕರಣ್ಣ, ಇವರ ಮೇಲೆ ಒಂದು ಕಣ್ಣು ಇರ್ಲಿ" ಎಂದು ಅವಳು ಹೇಳಿದ್ದು ನಾನು ಮರೆತಿಲ್ಲ. ಮುಂದಿನದ್ದೆಲ್ಲ ನನಗೆ ಅಷ್ಟು ಭಾರವಾಗಿ ಬಿದ್ದದ್ದು ಆ ಮಾತಿನಿಂದ.

ನಮ್ಮ ಸ್ಟೋರಿನ ಒಂದು ಪದ್ಧತಿ ಹೇಳಬೇಕು. ಆ ದೊಡ್ಡ ಚಳಿಕೋಣೆಯ ಬಾಗಿಲ ಪಕ್ಕ ಒಂದು ಹಲಗೆ, ಅದರಲ್ಲಿ ಮೊಳೆಗಳು. ಒಳಗೆ ಹೋಗುವವನು ತನ್ನ ಹೆಸರಿನ ಹಳದಿ ಬಿಲ್ಲೆಯನ್ನು ಮೊಳೆಗೆ ನೇತುಹಾಕಿ ಹೋಗಬೇಕು, ಹೊರಗೆ ಬಂದ ಮೇಲೆ ತೆಗೆಯಬೇಕು. ಹಲಗೆಯಲ್ಲಿ ಒಂದು ಬಿಲ್ಲೆ ಇದ್ದರೂ ದೀಪ ಆರಿಸುವಂತಿಲ್ಲ, ಬಾಗಿಲಿಗೆ ಬೀಗ ಹಾಕುವಂತಿಲ್ಲ. ಇನ್ನೊಂದು, ಫೋನನ್ನು ಒಳಗೆ ಒಯ್ಯುವುದಿಲ್ಲ. ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ. ಹೊರಗಿನ ಲಾಕರಿನಲ್ಲಿಟ್ಟು, ಕೀಲಿಯನ್ನು ಕೊರಳಿಗೆ ಹಾಕಿಕೊಳ್ಳುತ್ತೇವೆ. ಲೂವಿಸನ ಕೀಲಿ ಶಿಲುಬೆಯ ಜೊತೆಗೇ ನೇತಾಡುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ ಮಧ್ಯಾಹ್ನ. ಶಿಫ್ಟು ಮುಗಿದು, ಬಸ್ಸು ಗೇಟಿನಲ್ಲಿ ಹಾರ್ನ್ ಹಾಕುತ್ತಿತ್ತು. ನಮ್ಮ ಸೂಪರ್‌ವೈಸರ್ ಬಶೀರ್ ಕಾಸರಗೋಡಿನವನು, ಕನ್ನಡ, ತುಳು, ಮಲಯಾಳ ಎಲ್ಲದರಲ್ಲೂ ಬೈಯಬಲ್ಲ. ಅವತ್ತು ಅವನು ಬೈಯಲಿಲ್ಲ. ಹಲಗೆಯ ಮುಂದೆ ನಿಂತು ಮೆಲ್ಲಗೆ ಕೇಳಿದ.

"ಸುಧಾಕರಾ, ಲೂವಿಸ್ ಎಲ್ಲಿ?"

ಹಲಗೆಯಲ್ಲಿ ಒಂದೇ ಬಿಲ್ಲೆ ಉಳಿದಿತ್ತು. ಬಸ್ಸಿನಲ್ಲಿ ನೋಡಿದೆವು, ಇಲ್ಲ. ಬಾತ್‌ರೂಮು, ಕ್ಯಾಂಟೀನು, ನಮಾಜಿನ ಕೋಣೆ, ಎಲ್ಲೂ ಇಲ್ಲ. ಜಾಕೆಟ್ ತೂಗುಹಾಕುವ ಕೊಕ್ಕೆ ಖಾಲಿ. ಅಂದರೆ ಜಾಕೆಟ್ ಮೈಮೇಲೆಯೇ ಇದೆ. ಲಾಕರಿಗೆ ಬೀಗ. ಅಂದರೆ ಫೋನು ಒಳಗೇ ಇದೆ. ಕ್ಯಾಮೆರಾ ನೋಡುವ ಕೋಣೆಯ ಕೀಲಿ ಮ್ಯಾನೇಜರರ ಹತ್ತಿರ, ಮ್ಯಾನೇಜರರು ಮೀಟಿಂಗಿಗೆಂದು ಅಬುಧಾಬಿಯಲ್ಲಿ. ಒಳಗಿನಿಂದ ಬಾಗಿಲು ತೆರೆಯಲು ಬರುತ್ತದೆ, ಒತ್ತಿದರೆ ಬೊಬ್ಬೆ ಹೊಡೆಯುವ ಗುಂಡಿಯೂ ಇದೆ. ಎಚ್ಚರ ಇರುವ ಮನುಷ್ಯ ಒಳಗೆ ಸಿಕ್ಕಿಹಾಕಿಕೊಳ್ಳುವುದು ಸಾಧ್ಯವಿಲ್ಲ. ಎಚ್ಚರ ಇಲ್ಲದಿದ್ದರೆ?

"ಬೆಳಿಗ್ಗೆ ಎಂತ ತಿಂದಿದ್ದ?" ಬಶೀರ್ ಕೇಳಿದ.

"ನನಗೆ ಗೊತ್ತಿಲ್ಲ" ಎಂದೆ.

ಬಸ್ಸನ್ನು ನಿಲ್ಲಿಸಿ ನಾವೆಲ್ಲ ಮತ್ತೆ ಜಾಕೆಟ್ ಹಾಕಿಕೊಂಡೆವು. ಇಬ್ಬಿಬ್ಬರಾಗಿ ಹೋಗಬೇಕು, ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಬೇರೆಯವರನ್ನು ಕಳಿಸಬೇಕು ಎಂದು ಬಶೀರ್ ತಾಕೀತು ಮಾಡಿದ. ನನ್ನ ಜೊತೆ, ಮಾಲು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಗುಲ್ ಬಂದ. ಪೇಶಾವರದ ಪಠಾಣ, ಬಾಗಿಲಿಗಿಂತ ಎತ್ತರ. ನಾವಿಬ್ಬರೂ ಓಣಿ ಓಣಿ ಹೊಕ್ಕು ಕೂಗಿದೆವು. ಚಳಿಕೋಣೆಯಲ್ಲಿ ಕೂಗಿದರೆ ಧ್ವನಿ ದೂರ ಹೋಗುವುದಿಲ್ಲ, ಪೆಟ್ಟಿಗೆಗಳೇ ನುಂಗಿಬಿಡುತ್ತವೆ. ಫ್ಯಾನುಗಳ ಗುಂಯ್ ಎನ್ನುವ ಶಬ್ದ ಬಿಟ್ಟರೆ ಉತ್ತರ ಇಲ್ಲ. ನಾನು ಇಷ್ಟು ವರ್ಷ ಬಸ್ಸಿನಲ್ಲಿ ಕೂತು ರಸವತ್ತಾಗಿ ಹೇಳುತ್ತಿದ್ದೆನಲ್ಲ, ಹುಡುಕಲು ಹೋದ ಹಡಗುಗಳ ಕಥೆ, ಅದರಲ್ಲಿ ಒಂದು ಚೂರೂ ರಸವಿಲ್ಲ ಎಂದು ಆಗ ಗೊತ್ತಾಯಿತು.

ಬಟಾಣಿಯ ಓಣಿಯಲ್ಲಿ, ಮಾಲು ಪೇರಿಸಿಟ್ಟ ಒಂದು ಮರದ ಪ್ಯಾಲೆಟ್ ಕುಸಿದಿತ್ತು. ಚೀಲಗಳು ಎದೆಮಟ್ಟ ರಾಶಿ ಬಿದ್ದಿದ್ದವು. ಆ ರಾಶಿಯ ಪಕ್ಕ ನೆಲದ ಮೇಲೆ ಒಂದು ಗ್ಲೌಸು ಬಿದ್ದಿತ್ತು. ನೀಲಿ, ಎಡಗೈಯದ್ದು, ಹೆಬ್ಬೆರಳಿನ ಬುಡದಲ್ಲಿ ಹೊಲಿಗೆ ಬಿಟ್ಟದ್ದು. ಹೊಸದು ಕೇಳು ಎಂದು ನಾನು ಅವನಿಗೆ ಎಷ್ಟೋ ಸಲ ಹೇಳಿದ್ದೆ. ಎತ್ತಿಕೊಂಡೆ, ಗಟ್ಟಿಯಾಗಿ ಹೋಗಿತ್ತು, ಬೆರಳುಗಳು ಅರ್ಧ ಮಡಚಿದ ಹಾಗೆಯೇ ನಿಂತಿದ್ದವು.

ನನಗೆ ಆ ರದ್ದಿ ಪುಸ್ತಕದ ಸಾಲು ನೆನಪಾಯಿತು. ಜನ ಸಿಗುವುದಿಲ್ಲ, ವಸ್ತುಗಳು ಸಿಗುತ್ತವೆ. ಇಂಥ ಹೊತ್ತಿನಲ್ಲಿ ಓದಿಕೊಂಡದ್ದು ಯಾರಿಗೂ ಉಪಕಾರಕ್ಕೆ ಬರುವುದಿಲ್ಲ ನೋಡಿ. ಗುಲ್‌ಗೆ ಏನೂ ಗೊತ್ತಿರಲಿಲ್ಲ, ಅವನು ಸುಮ್ಮನೆ ಚೀಲ ಎತ್ತತೊಡಗಿದ. ನನಗೆ ಕಥೆಯ ಕೊನೆ ಗೊತ್ತಿದ್ದದ್ದರಿಂದ ಕೈಕಾಲು ಆಡಲಿಲ್ಲ. ಆಮೇಲೆ ನಾನೂ ರಾಶಿಗೆ ಕೈ ಹಾಕಿದೆ. ಒಂದೊಂದೇ ಚೀಲ ಎಳೆದು ಹಿಂದಕ್ಕೆ ಎಸೆಯುತ್ತ ಹೋದೆ. ಕೆಳಗಿನ ಪ್ರತಿ ಚೀಲ ಎಳೆಯುವಾಗಲೂ ಅವನ ಬೂಟು ಕಾಣುತ್ತದೆಂದು ಹೆದರಿಕೆ, ಕಾಣದಿದ್ದರೆ ಇನ್ನೂ ಕೆಳಗಿದ್ದಾನೆಂದು ಹೆದರಿಕೆ. ಗ್ರೇಸಿಗೆ ಏನು ಹೇಳುವುದು? ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದವರು, ನಾನೊಬ್ಬನೇ ಇಳಿದು ಅವಳ ಕಟ್ಟಡದ ಮುಂದೆ ಹೇಗೆ ನಡೆದುಹೋಗುವುದು?

"ಭಾಯ್, ಬಾಹರ್ ಜಾವ್. ಮೈ ದೇಖ್ತಾ ಹ್ಞೂಂ" ಎಂದ ಗುಲ್. ನನ್ನ ಹುಬ್ಬಿನ ಮೇಲೆ ಬೆವರು ಹೆಪ್ಪುಗಟ್ಟಿತ್ತಂತೆ. ನಾನು ಹೋಗಲಿಲ್ಲ. ನಮ್ಮ ದೈವಗಳನ್ನೆಲ್ಲ ಕರೆದಾಗಿತ್ತು. ಕೊನೆಗೆ, ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೊಬ್ಬರು ಲೂವಿಸನವರಲ್ಲಿ ಇದ್ದಾರಲ್ಲ, ಗ್ರೇಸಿ ಸೊಂಟದ ಕೀಲಿ ಕಾಣದಿದ್ದರೂ ಅವರನ್ನೇ ಕರೆಯುವುದಲ್ಲ, ಅವರಿಗೇ ಹರಕೆ ಹೊತ್ತೆ. ಕಳೆದುಹೋದವನು ನಿಮ್ಮವನೇ, ನಿಮ್ಮ ಇಲಾಖೆಯ ಕೆಲಸವೇ, ಹುಡುಕಿಕೊಡಿ, ಮೇಣದ ಬತ್ತಿ ಹಚ್ಚುತ್ತೇನೆ ಎಂದೆ.

ರಾಶಿ ಮುಗಿಯಿತು. ಕೆಳಗೆ ಬರೀ ಸಿಮೆಂಟಿನ ನೆಲ. ಲೂವಿಸ ಇಲ್ಲ. ಇಲ್ಲವೆಂದು ಸಮಾಧಾನ ಪಡಬೇಕೋ ಬೇಡವೋ ತಿಳಿಯಲಿಲ್ಲ. ಗುಲ್ ನನ್ನ ರಟ್ಟೆ ಹಿಡಿದು ಮಗುವನ್ನು ಎಳೆದ ಹಾಗೆ ಹೊರಗೆ ಎಳೆದುಕೊಂಡು ಬಂದ.

ಹೊರಗೆ ಎಲ್ಲರೂ ಲಾಕರಿನ ಮುಂದೆ ಕಲ್ಲಾಗಿ ನಿಂತಿದ್ದರು. ಲೂವಿಸನ ಲಾಕರಿನೊಳಗೆ ಕೋಳಿ ಕೂಗುತ್ತಿತ್ತು. ಅವನ ಫೋನಿನ ರಿಂಗ್‌ಟೋನು ಅದು. ಸಾವಿರಗಟ್ಟಲೆ ಸತ್ತ ಕೋಳಿಗಳಿರುವ ಸ್ಟೋರಿನಲ್ಲಿ ಒಂದಾದರೂ ಜೀವಂತ ಇರಲಿ ಎಂದು ಇಟ್ಟದ್ದಂತೆ. ಹಾಗೆ ಹೇಳಿ ಅವನು ನಮ್ಮನ್ನು ದಿನಾ ನಗಿಸುತ್ತಿದ್ದ.

"ಆಗಿನಿಂದ ಬಡ್ಕೊಳ್ತಾ ಉಂಟು" ಎಂದ ಬಶೀರ್. "ಅವನ ಹೆಂಡತಿಯೇ ಇರ್ಬೇಕು."

ಕೋಳಿ ನಿಂತಿತು. ಮತ್ತೆ ಶುರುವಾಯಿತು.

"ಬೀಗ ಒಡೀಲಿಕ್ಕಾ?"

"ಒಡೆದು ಎಂತ ಹೇಳುವುದು ಅವಳಿಗೆ?" ಎಂದೆ. "ಮೊದ್ಲು ಹುಡುಕುವಾ. ಇನ್ನೊಂದು ಸಲ ಹೋಗ್ತೇನೆ."

ಎಲ್ಲರೂ ಹೂಂ ಎಂದರು. ಆ ಫೋನು ಎತ್ತುವ ಧೈರ್ಯ ಒಬ್ಬನಿಗೂ ಇರಲಿಲ್ಲ. ನಾವು ಮತ್ತೆ ಒಳಗೆ ಹೋದೆವು, ಮೀನಿನ ಓಣಿ, ಪರೋಟದ ಓಣಿ, ಗುಲ್‌ನ ಫೋರ್ಕ್‌ಲಿಫ್ಟಿನಲ್ಲಿ ಮೇಲಿನ ಅಟ್ಟಗಳನ್ನೂ ನೋಡಿದೆವು. ಬಂದಾಗಲೂ ಕೋಳಿ ಕೂಗುತ್ತಲೇ ಇತ್ತು. ಇಷ್ಟು ಹೊತ್ತು ಯಾರು ಬಿಡದೆ ಕರೆಯುತ್ತಾರೆ? ಕೊನೆಗೆ ಗುಲ್‌ಗೆ ತಾಳ್ಮೆ ತಪ್ಪಿತು. ಕಬ್ಬಿಣದ ಸರಳು ತಂದು ಒಂದೇ ಏಟಿಗೆ ಬೀಗ ಕಿತ್ತ. ಫೋನು ತೆಗೆದು ನನ್ನ ಕೈಗೆ ಕೊಟ್ಟ. ಯಾರದೋ ಗೊತ್ತಿಲ್ಲದ ನಂಬರು. ಬೆರಳು ಮರಗಟ್ಟಿ ಒತ್ತಲೂ ಬರಲಿಲ್ಲ, ಬಶೀರ್ ಒತ್ತಿದ.

"ಹಲೋ" ಎಂದೆ.

"ಅಬ್ಬ, ಎತ್ತಿದ್ರಲ್ಲ. ಯಾರದು, ಸುಧಾಕರನಾ? ನಾನು ಮಾರಾಯ, ಲೂವಿಸ್. ದೇರಾದಲ್ಲಿದ್ದೇನೆ. ಆ ಬಿಲ್ಲೆ ತೆಗೀಲಿಕ್ಕೆ ಮರ್ತುಹೋಯ್ತು, ಸ್ವಲ್ಪ ತೆಗ್ದುಬಿಡು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದ ಹಾಗಾಯಿತು ಎನ್ನುತ್ತಾರಲ್ಲ, ಅವನ ಜೀವ ಹೋಗಿಯೇ ಇರಲಿಲ್ಲ, ವಾಪಸು ಬಂದದ್ದು ನನ್ನದು. ಆಮೇಲೆ ಬಾಯಿಗೆ ಬಂದ ಹಾಗೆ ಬೈದೆ. ಇಲ್ಲಿ ಬರೆಯಲು ಬರುವಂಥದ್ದಲ್ಲ. ತುಳುವಿನಲ್ಲಿ ಬೈದು ಮುಗಿದ ಮೇಲೆ ಬಶೀರ್ ಫೋನು ತೆಗೆದುಕೊಂಡು ಮಲಯಾಳದಲ್ಲಿ ಬೈದ, ಗುಲ್ ಪಶ್ತುವಿನಲ್ಲಿ ಮುಗಿಸಿದ. ಬೈದು ಗುಲ್ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ನಾನು ಒರೆಸಿಕೊಳ್ಳಲೂ ಇಲ್ಲ. ಅಳುತ್ತಲೇ ನಗುತ್ತಿದ್ದೆ.

ನಡೆದದ್ದು ಇಷ್ಟು. ಲೂವಿಸನ ಭಾವ ಅವತ್ತು ಊರಿನಿಂದ ಬಂದು ದುಬೈ ಪೇಟೆಯ ದೇರಾದಲ್ಲಿ, ಹಲವರು ಹಂಚಿಕೊಂಡಿರುವ ಒಂದು ಫ್ಲ್ಯಾಟಿನಲ್ಲಿ ಇಳಿದಿದ್ದ. ಬರುವಾಗ ಒಂದು ಥರ್ಮಾಕೋಲ್ ಪೆಟ್ಟಿಗೆ ತುಂಬ ಕಾಣೆ ಮೀನು ತಂದಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಲೂವಿಸನಿಗೆ ಫೋನು ಮಾಡಿ, ಫ್ರಿಜ್ಜಿನಲ್ಲಿ ಜಾಗವಿಲ್ಲ, ಐಸು ಕರಗಿ ನೀರು ಸೋರುತ್ತಿದೆ, ಬೇಗ ಬರದಿದ್ದರೆ ರೂಮಿನವರೆಲ್ಲ ಸೇರಿ ಹುರಿದು ತಿನ್ನುತ್ತಾರೆ ಎಂದಿದ್ದ. ನೀವು ಕೇಳಬಹುದು, ಟನ್ನುಗಟ್ಟಲೆ ಮೀನಿನ ನಡುವೆ ಕೆಲಸ ಮಾಡುವವನಿಗೆ ಇದೇನು ಹುಚ್ಚು ಎಂದು. ನೀವು ಕರಾವಳಿಯವರಲ್ಲದಿದ್ದರೆ ಮಾತ್ರ ಕೇಳುತ್ತೀರಿ. ಸ್ಟೋರಿನದ್ದು ಮಾಲು, ಊರಿನದ್ದು ಮೀನು. ಬಟಾಣಿ ಓಣಿಯಲ್ಲಿ ಕುಸಿದ ಚೀಲಗಳನ್ನು ಜೋಡಿಸುತ್ತ, ಒಡೆದ ಚೀಲದ ಬಾಯಿ ಕಟ್ಟಲು ಎಡಗೈ ಗ್ಲೌಸು ತೆಗೆದು ನಿಂತಿದ್ದಾಗ, ನಮ್ಮ ಡೆಲಿವರಿ ಗಾಡಿ ದೇರಾಕ್ಕೆ ಹೊರಡುವ ಹೊತ್ತಾಯಿತೆಂದು ನೆನಪಾಯಿತು. ಶಿಫ್ಟು ಮುಗಿಯಲು ಹೇಗೂ ಒಂದೇ ಗಂಟೆ ಇದೆಯೆಂದು ಎಲ್ಲ ಬಿಟ್ಟು ಓಡಿದ. ಆ ಅವಸರದಲ್ಲೂ ಜಾಕೆಟ್ಟನ್ನು ಮಾತ್ರ ಬೇಕೆಂದೇ ಒಯ್ದ. ದಪ್ಪ ಜಾಕೆಟ್ ಸುತ್ತಿದರೆ ಪೆಟ್ಟಿಗೆ ಮನೆ ಮುಟ್ಟುವವರೆಗೆ ತಣ್ಣಗಿರುತ್ತದಂತೆ.

"ದೇರಾದಲ್ಲಿ ಎಲ್ಲ ನನ್ನನ್ನೇ ನೋಡ್ತಿದ್ರು" ಎಂದು ಆಮೇಲೆ ಹೆಮ್ಮೆಯಿಂದ ಹೇಳಿದ. "ಬೆಂಕಿ ಬಿಸಿಲಲ್ಲಿ ಕಿವಿ ಮುಚ್ಚುವ ಜಾಕೆಟ್ ಹಿಡ್ಕೊಂಡು ಹೋಗುವವ ಹುಚ್ಚನೇ ಇರ್ಬೇಕು ಅಂತ."

"ಅದರಲ್ಲಿ ಅನುಮಾನ ಎಂತ?" ಎಂದೆ.

ಮೀನು ಸುತ್ತಿಯಾದ ಮೇಲೆ ಫೋನಿಗೆಂದು ಕಿಸೆಗೆ ಕೈ ಹಾಕಿದವನಿಗೆ ಫೋನಿಲ್ಲವೆಂದು ನೆನಪಾಯಿತು, ಫೋನಿನಿಂದ ಲಾಕರು, ಲಾಕರಿನಿಂದ ಹಲಗೆ, ಹಲಗೆಯಿಂದ ಬಿಲ್ಲೆ. ಭಾವನ ಫೋನು ತೆಗೆದುಕೊಂಡ. ಆದರೆ ಯಾರ ನಂಬರೂ ಬಾಯಿಗೆ ಬಾರದು. ನಮ್ಮಲ್ಲಿ ಯಾರಿಗೆ ಬರುತ್ತದೆ ಹೇಳಿ? ಗೊತ್ತಿದ್ದದ್ದು ಒಂದೇ, ತನ್ನದೇ. ಭಾವನ ಫೋನಿನಲ್ಲಿ ಗ್ರೇಸಿಯ ನಂಬರು ಇತ್ತು, ಅವಳಿಗೆ ಹೇಳಿದರೆ ಮೊದಲು ತನ್ನನ್ನೇ ಕೊಲ್ಲುತ್ತಾಳೆಂದು ಬಿಟ್ಟ. ಲಾಕರಿನ ಹತ್ತಿರ ಯಾರಾದರೂ ಇರುತ್ತಾರೆ, ಕೋಳಿ ಕೂಗಿದರೆ ಕೇಳಿಸುತ್ತದೆ ಎಂದು ತನಗೆ ತಾನೇ ಫೋನು ಮಾಡುತ್ತ ಕೂತ. ನಾವು ಬಟಾಣಿ ಅಗೆಯುತ್ತಿದ್ದಷ್ಟು ಹೊತ್ತೂ ಅವನು ಬದುಕಿದ್ದೇನೆಂದು ಕೂಗಿ ಹೇಳುತ್ತಲೇ ಇದ್ದ. ನಾವು ಅದನ್ನು ಸಾವಿನ ಸುದ್ದಿ ಕೇಳುವ ಹೆಂಡತಿಯೆಂದು ತಿಳಿದು ದೂರ ನಿಂತಿದ್ದೆವು. ನರಿಯ ಕೊರಳಿಗೆ ಪಟ್ಟಿ ಕಟ್ಟಿದವರನ್ನು ನಾನು ಆಮೇಲೆ ತಮಾಷೆ ಮಾಡಿಲ್ಲ.

ಆ ಸಂಜೆ ಬಸ್ಸು ಅಲ್ ನಹ್ದಾ ಮುಟ್ಟಿದಾಗ ಲೂವಿಸ ಸ್ಟಾಪಿನಲ್ಲೇ ಕಾಯುತ್ತಿದ್ದ. ಕಂಕುಳಲ್ಲಿ ಜಾಕೆಟ್ ಹೊದ್ದ ಪೆಟ್ಟಿಗೆ. ನಾನು ಅವನ ಭುಜ ಒಮ್ಮೆ ಗಟ್ಟಿಯಾಗಿ ಹಿಡಿದೆ. ಬೆವರಿನಿಂದ ಒದ್ದೆಯಾಗಿತ್ತು, ಬಿಸಿಯಾಗಿತ್ತು. ಅಷ್ಟು ಸಂತೋಷ ಕೊಟ್ಟ ಬೆವರನ್ನು ನಾನು ಜೀವನದಲ್ಲಿ ಮುಟ್ಟಿರಲಿಲ್ಲ.

ಗ್ರೇಸಿಗೆ ಹೇಳಬಾರದೆಂದುಕೊಂಡರೂ ಮನೆ ಹೊಕ್ಕ ಕೂಡಲೇ ನಾನೇ ಎಲ್ಲ ಹೇಳಿಬಿಟ್ಟೆ, ತಡೆಯಲಾಗಲಿಲ್ಲ. ಅವಳು ಕೇಳುತ್ತ ಕೇಳುತ್ತ ಕುರ್ಚಿಗೆ ಕೈ ಊರಿದಳು. ಗಂಡನನ್ನು ಬೈಯುತ್ತಾಳೆಂದು ನಾವೆಲ್ಲ ಕಾದೆವು. ಅವಳು ಹೋಗಿ ಅವನ ತಲೆ ಮುಟ್ಟಿ ನೋಡಿದಳು, ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ "ಕಾಣೆ ಎಷ್ಟುಂಟು?" ಎಂದು ಕೇಳಿ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಮೂಗು ಸೇದುವ ಶಬ್ದ ಮೊದಲು ಬಂತು, ಮೀನು ಹುರಿಯುವ ವಾಸನೆ ಆಮೇಲೆ. ಪ್ರೇಮಾ ಮತ್ತು ಮಗಳೂ ಬಂದರು. ಮಗಳು ಎಲ್ಲ ಕೇಳಿ, "ಅಂಕಲ್, ಯು ಕಾಲ್ಡ್ ಯುವರ್‌ಸೆಲ್ಫ್?" ಎಂದು ಹೊಟ್ಟೆ ಹಿಡಿದು ನಕ್ಕಳು. ಅವಳಿಂದ ನಮಗೂ ನಗು ಬಂತು.

ನನ್ನ ಹರಕೆ ಉಳಿದಿತ್ತಲ್ಲ, ಮುಂದಿನ ರಜೆಯಲ್ಲಿ ಲೂವಿಸನ ಜೊತೆ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆ. ಅವನು ಪಕ್ಕದಲ್ಲೇ ನಿಂತು ಪಿಸುಗುಟ್ಟಿದ.

"ಎಂತ ಕಳ್ಕೊಂಡಿದ್ದಿ?"

"ಒಬ್ಬ ಮುಠ್ಠಾಳನನ್ನು."

ಗ್ಲೌಸು ಹೇಗೆ ನನ್ನಲ್ಲಿ ಉಳಿಯಿತೆಂದರೆ, ಅವತ್ತು ಹೊರಗೆ ಬರುವಾಗ ಕೈಯಲ್ಲೇ ಇತ್ತು, ಪ್ಯಾಂಟಿನ ಕಿಸೆಗೆ ತುರುಕಿದ್ದೆ. ಮನೆಗೆ ಬಂದು ನೋಡಿದರೆ ಕರಗಿ ಮೆತ್ತಗಾಗಿತ್ತು. ಬಾಲ್ಕನಿಯಲ್ಲಿ ಒಣಗಲು ಹಾಕಿದೆ. ಮರುಭೂಮಿಯ ಗಾಳಿ, ಹಾರಿಹೋಗಬಾರದಲ್ಲ, ಅಂಗೈಯ ಮೇಲೆ ಒಂದು ಕಲ್ಲು ಇಟ್ಟೆ. ಇಟ್ಟಮೇಲೆ ಗೊತ್ತಾಯಿತು ನಾನೇನು ಮಾಡಿದೆನೆಂದು. ತಲೆಯೆತ್ತಿ ನೋಡಿದೆ. ಹಿಂಬದಿಯ ಕಟ್ಟಡದ ಕಿಟಕಿಯಲ್ಲಿ ಲೂವಿಸ ಬನಿಯನ್ನಿನಲ್ಲಿ ಓಡಾಡುವುದು ಕಾಣುತ್ತಿತ್ತು.

ಆ ದ್ವೀಪದಲ್ಲಿ ಕಲ್ಲು ಇಟ್ಟು ಒಣಹಾಕಿದ ಗ್ಲೌಸನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನನ್ನ ಮ್ಯೂಸಿಯಮ್ಮಿಗೆ ಮಾತ್ರ ಅದರ ಯಜಮಾನನದ್ದೇ ಕಾಟ. ಮೊನ್ನೆಯೂ ಊಟಕ್ಕೆ ಬಂದಿದ್ದ. ಗ್ರೇಸಿ ನೋಡದ ಹಾಗೆ ಎರಡು ಸಲ ಪಾಯಸ ಹಾಕಿಸಿಕೊಂಡು, ಕೈ ತೊಳೆದು, ಕಪಾಟಿನ ಮುಂದೆ ನಿಂತ.

"ನೋಡು ಮಾರಾಯ, ಹಳೇದು ವಾಪಸು ಕೊಡದೆ ಸ್ಟೋರಿನವ ಹೊಸ ಜೊತೆ ಕೊಡುವುದಿಲ್ಲ ಅಂತಾನೆ. ಅದು ನನ್ನದು. ಕೊಡ್ತೀಯಾ ಇಲ್ವಾ?"

"ಮುಂದಿನ ವಾರ ಬಂದು ಕೇಳು" ಎಂದೆ.